ಒಂದೇ ತಾಟಿನ ಊಟ

ಧಾರವಾಡದ ಕಡೆಯ ಒಂದು ಗರಡಿ ಮನೆ. ಅಲ್ಲಿ ಕುಸ್ತಿ ಕಲಿಯುತ್ತಿದ್ದ ಅವಳಿ ಹುಡುಗಿಯರು... ತುಂಗಾ, ಭದ್ರಾ.

ಇಬ್ಬರ ತೂಕವೂ ಐವತ್ತು ಕೆಜಿಯೊಳಗೇ.

ಬೇಸಿಗೆಯಲ್ಲಿ ಭದ್ರಾಗೆ ಟೈಫಾಯ್ಡ್ ಬಂತು. ಒಂದು ಕೋರ್ಸ್ ಗುಳಿಗೆ ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಜ್ವರ, ಮತ್ತೊಂದು ಕೋರ್ಸ್...

ವಾಸಿಯಾಗಿ ಗರಡಿಗೆ ಬಂದಳು. ಆದರೆ ತೂಕ ಏರತೊಡಗಿತು. ಐವತ್ತೊಂದು... ಐವತ್ತೆರಡು...

ರಾಜ್ಯ ತಂಡದ ಸೆಲೆಕ್ಷನ್‌ಗೆ ಇನ್ನೊಂದೇ ತಿಂಗಳು. ಐವತ್ತು ದಾಟಿದರೆ ಆ ವಿಭಾಗದ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ.

ಕುಸ್ತಿ ಕಲಿಸುವ ಉಸ್ತಾದ ಹೂವಪ್ಪನವರು ತೂಕದ ಕಾಟಾದ ಮುಂದೆ, ಎಲ್ಲರ ಎದುರೇ ಕೇಳಿದರು: "ಏನವಾ, ಕದ್ದು ಏನ್ ತಿನ್ನಾಕತ್ತಿ? ಮಿರ್ಚಿನೋ, ಫೇಡೆನೋ?"

"ಏನಿಲ್ರಿ ಉಸ್ತಾದ್ರ... ತುಂಗಾ ಉಂಡಷ್ಟ ಉಣ್ತೀನ್ರಿ."

"ಹಂಗಾರ ಕಾಟಾ ಸುಳ್ಳ ಹೇಳತೈತೇನ?"

"ಕಾಟಾಕ್ಕೂ ಟೈಫಾಯ್ಡ್ ಬಂದಿರಬೇಕ್ರಿ!" ಎಂದಳು ಒಬ್ಬಳು. ಎಲ್ಲರೂ ನಕ್ಕರು.

ಅಂದಿನಿಂದ ದಿನವೂ ಅವಳ ಬ್ಯಾಗ್ ತಡಕುವುದು, ಬುತ್ತಿ ಬಿಚ್ಚಿ ನೋಡುವುದು...

ಮೊದಮೊದಲು ಭದ್ರಾ ಅತ್ತಳು. ಆಮೇಲೆ ಅಳುವುದನ್ನೂ ಬಿಟ್ಟಳು. ಯಾರು ಏನಂದರೂ ಬೇರೆ ಯಾರಿಗೋ ಅಂದಂತೆ ಗೋಡೆ ನೋಡುತ್ತಾ ನಿಲ್ಲುತ್ತಿದ್ದಳು. ಬಾಯಿಗಿಟ್ಟ ರೊಟ್ಟಿಯ ರುಚಿಯೂ ತಿಳಿಯುತ್ತಿರಲಿಲ್ಲ.

ತುಂಗಾಗೆ ತಡೆಯಲಾಗಲಿಲ್ಲ. "ಉಸ್ತಾದ್ರ, ಹದಿನೈದ ದಿನ ನಿಮ್ಮ ಮನ್ಯಾಗ ಇರ್ತೀವಿ. ಇಬ್ರೂ ಒಂದ ತಾಟಿನಾಗ ಉಣ್ತೀವಿ. ನೀವ ಕಾಯ್ರಿ!"

ಉಸ್ತಾದರು ಒಪ್ಪಿದರು. ಅಡುಗೆ ಮನೆಗೆ ಬೀಗ. ಒಂದೇ ತಾಟು. ರೊಟ್ಟಿಯನ್ನು ತಾವೇ ಮುರಿದು, ಸರಿಯಾಗಿ ಅರ್ಧರ್ಧ ಕೊಡುತ್ತಿದ್ದರು.

ಹದಿನಾರನೇ ದಿನ ಬೆಳಿಗ್ಗೆ ಇಬ್ಬರನ್ನೂ ಕಾಟಾ ಮೇಲೆ ನಿಲ್ಲಿಸಿದರು.

ತುಂಗಾ ನಲವತ್ತೊಂಬತ್ತು... ಮೊದಲಿದ್ದಷ್ಟೇ.

ಭದ್ರಾ... ಐವತ್ತೆರಡೂವರೆ.

ಉಸ್ತಾದರು ಕಾಟಾ ಒರೆಸಿದರು. ಬೇರೆ ಕಡೆ ಇಟ್ಟರು. ಮತ್ತೆ ನಿಲ್ಲಿಸಿದರು. ಅದೇ ಐವತ್ತೆರಡೂವರೆ.

ಆಗಲೇ ಅವಳನ್ನು ಡಾಕ್ಟರ್ ಹತ್ತಿರ ಕರೆದೊಯ್ದರು.

ಟೆಸ್ಟ್‌ಗಳನ್ನೆಲ್ಲ ನೋಡಿ ಡಾಕ್ಟರ್ ಹೇಳಿದರು: "ನಮ್ಮ ಕರುಳಿನಾಗ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಅದಾವ್ರಿ. ಉಂಡದ್ದು ಕರಗ್ಸಾಕ ಅವೂ ಕೈ ಹಚ್ಚತಾವ. ಜ್ವರಕ್ಕ ಕೊಟ್ಟ ಆಂಟಿಬಯೋಟಿಕ್ ಗುಳಿಗಿ ಆ ಬಳಗಾನ ಏರುಪೇರು ಮಾಡಿರಬಹುದು. ಇದ ಕಾರಣ ಅಂತ ಗಟ್ಟಿಯಾಗಿ ಹೇಳಾಕ ಬರೂದಿಲ್ಲ, ಇನ್ನೂ ಸಂಶೋಧನಾ ನಡದೈತಿ. ಆದ್ರ... ಒಂದ ಹಾಲಿಗೆ ಎರಡ ಮನಿ ಹೆಪ್ಪು ಹಾಕಿದ್ರ ಮೊಸರು ಒಂದ ನಮೂನಿ ಆಗತೈತೇನ್ರಿ?"

"ಅಂದ್ರ... ಹುಡುಗಿ ಕದ್ದು ತಿಂದಿಲ್ರಿ?"

"ತಿಂದಾಳಂತ ಯಾರಂದ್ರು?"

ಉಸ್ತಾದರು ತಲೆ ತಗ್ಗಿಸಿದರು.

ಮರುದಿನ ಗರಡಿಯಲ್ಲಿ ಎಲ್ಲರ ಮುಂದೆ ಅವಳ ಹೆಸರನ್ನು ಐವತ್ತಮೂರು ಕೆಜಿಯ ವಿಭಾಗಕ್ಕೆ ಬರೆದರು.

ಆ ಗರಡಿಯಲ್ಲಿ ದಿನಾ ಉಸ್ತಾದರೇ ಶಿಷ್ಯರ ಹಣೆಗೆ ಅಖಾಡದ ಕೆಂಪು ಮಣ್ಣು ಹಚ್ಚುತ್ತಾರೆ. ಅಂದು ಅವರೇ ಭದ್ರಾಳ ಮುಂದೆ ಹಣೆ ಬಗ್ಗಿಸಿದರು. "ಇವತ್ತ ನೀ ಹಚ್ಚವಾ... ತಪ್ಪ ಮಾಡೀನಿ."

ಅವರ ಕಣ್ಣೀರು ಮಣ್ಣಿಗೆ ಬಿತ್ತು.

ಭದ್ರಾ ಮಣ್ಣು ಹಚ್ಚಿದಳು. ಅವಳ ಕಣ್ಣು ಮಾತ್ರ ಒಣಗಿತ್ತು.

"ನನಗ ಸಿಟ್ಟಿಲ್ರಿ ಉಸ್ತಾದ್ರ... ಏನೂ ಅನಸವಲ್ದು ನೋಡ್ರಿ. ಅದ ಅಂಜಿಕಿ ಬರಾಕತ್ತೈತಿ."

ಆ ಮಧ್ಯಾಹ್ನ ಮನೆಯಲ್ಲಿ ಉಸ್ತಾದರು ರೊಟ್ಟಿ ಮುರಿಯಲಿಲ್ಲ. ಅಡುಗೆ ಮನೆಯ ಬೀಗ ತೆಗೆದು, ತಾವೂ ಅದೇ ತಾಟಿಗೆ ಕುಳಿತರು.

ಭದ್ರಾ ಬಹಳ ಹೊತ್ತು ಅಗಿಯುತ್ತಲೇ ಇದ್ದಳು... ಆಮೇಲೆ ಮೆಲ್ಲಗೆ ಅಂದಳು:

"ಪಲ್ಯಾಕ ಉಪ್ಪು ಕಡಿಮಿ ಆಗೇತ್ರಿ."

ತುಂಗಾ ಬಿಕ್ಕಿ ಬಿಕ್ಕಿ ಅತ್ತಳು. ಉಸ್ತಾದರು ಉಪ್ಪು ತರಲು ಓಡಿದರು.

*

ಕಾಟಾ ತೂಕವನ್ನಷ್ಟೇ ಹೇಳುತ್ತದೆ... ತಪ್ಪು ಯಾರದೆಂದು ಹೇಳುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರ ತಾಟು ನೋಡಿ ನೀವು ನಕ್ಕಿದ್ದೀರಿ... ಅವರಿಗೆ ಈಗಲೂ ರುಚಿ ತಿಳಿಯುತ್ತಿದೆಯೇ?