ಪಲ್ಟಿಯಾದವನ ಸಾಕ್ಷಿ

ಔರಾದದ ಹೊರಗಿನ ಬಯಲಿನಲ್ಲಿ ನಡೆದ ರೇಸಿನಲ್ಲಿ ಫಿಲೋಮನನ ಕಾರು ಎರಡು ಸಲ ಉರುಳಿ, ಗಾಲಿ ಮೇಲೆ ಮಾಡಿಕೊಂಡು ನಿಂತಾಗ ಅವನ ಒಂದು ಕೂದಲೂ ಕೊಂಕಿರಲಿಲ್ಲ. ಬೆಲ್ಟಿನಲ್ಲಿ ತಲೆಕೆಳಗಾಗಿ ಜೋತುಬಿದ್ದವನು ಕೈಕಾಲು ಆಡಿಸಿ ನೋಡಿಕೊಂಡ. ಎಲ್ಲವೂ ಇದ್ದಲ್ಲೇ ಇದ್ದವು. ಬದುಕಿದೆನಪ್ಪಾ ಎಂಬ ಖುಷಿಗೆ ಅಳುವೇ ಬಂತು. ತಲೆಕೆಳಗಾದವನ ಕಣ್ಣೀರು ಹಣೆಯ ಕಡೆಗೆ ಹರಿಯುತ್ತದೆಂದು ಅವನಿಗೆ ಗೊತ್ತಾದದ್ದು ಅವತ್ತೇ.

ಕ್ರೈಸ್ತರ ಮನೆಯಲ್ಲಿ ಹುಟ್ಟಿ ಬೆಳೆದ ಜೀವ. ಇಷ್ಟು ದೊಡ್ಡ ಉಪಕಾರಕ್ಕೆ ಮೊಳಕಾಲೂರದೆ ಸ್ತೋತ್ರ ಹೇಳುವುದು ಮನಸ್ಸಿಗೆ ಒಗ್ಗಲಿಲ್ಲ. ಮೊಳಕಾಲೂರಬೇಕೆಂದರೆ ಬೆಲ್ಟು ಬಿಚ್ಚಬೇಕಲ್ಲ, ಬಿಚ್ಚಿದ. ನೆಲ ಯಾವ ಕಡೆಗಿದೆ ಎಂಬುದೊಂದನ್ನು ಮಾತ್ರ ಮಹಾಶಯ ಯೋಚಿಸಿರಲಿಲ್ಲ. ಗೋಣಿಚೀಲ ಉರುಳಿಸಿದ ಹಾಗೆ ಧೊಪ್ಪನೆ ಕಾರಿನ ಛಾವಣಿಯ ಮೇಲೆ ಬಿದ್ದ. ಹೆಲ್ಮೆಟ್ಟು ತಲೆ ಉಳಿಸಿತು. ಹೆಗಲ ಎಲುಬು ಲಟಕ್ಕೆಂದಿತು.

ಅದೇ ದಿನ ಬೆಳಿಗ್ಗೆ, ಸುರಕ್ಷತೆಯ ಪಾಠ ಹೇಳಲು ಬಂದಿದ್ದ ಭಾಲ್ಕಿಯ ಆಮ್ರಪಾಲಿ ಮೇಡಂ ಎಲ್ಲ ಡ್ರೈವರುಗಳನ್ನೂ ಕೂರಿಸಿಕೊಂಡು ಇದನ್ನೇ ಹೇಳಿದ್ದರು. "ಗಾಡಿ ಪಲ್ಟಿ ಆದ್ರ ಅವಸರ ಮಾಡಬ್ಯಾಡ್ರಿ. ಮೊದಲ ಒಂದ್ ಕೈ ಗಾಡಿ ಛಾವಣಿಗಿ ಗಟ್ಟಿ ಊರ್ರಿ, ಆಮ್ಯಾಲೆ ಬೆಲ್ಟ್ ಬಿಚ್ರಿ." ಮುಂದಿನ ಸಾಲಿನಲ್ಲಿ ಕೂತಿದ್ದ ಫಿಲೋಮನ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದ. ಆದರೆ ಮನಸ್ಸು ತಮ್ಮ ಮೈಲೂರಿನ ಚರ್ಚಿನ ಸಭೆಯಲ್ಲಿತ್ತು. ಅಲ್ಲಿ ಭಾನುವಾರದ ಆರಾಧನೆಯಲ್ಲಿ, ಆ ವಾರ ದೇವರು ತಮಗೆ ಮಾಡಿದ ಒಳಿತನ್ನು ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವುದು ವಾಡಿಕೆ. ಭಾಲ್ಕಿಯ ಮೊದಲ ರೇಸಿನಲ್ಲಿ ಕಟ್ಟಕಡೆಗೆ ಬಂದಾಗ ಫಿಲೋಮನ ಎದ್ದು, ದೇವರು ತಾಳ್ಮೆ ಕಲಿಸಿದ ಎಂದಿದ್ದ. ಎರಡನೆಯದರಲ್ಲಿ ಒಬ್ಬನನ್ನು ಹಿಂದೆ ಹಾಕಿದಾಗ, ದೇವರು ಮೇಲೆತ್ತುತ್ತಿದ್ದಾನೆ ಎಂದಿದ್ದ. ಹಿಂದೆ ಬಿದ್ದ ನದೀಮನ ಎಂಜಿನ್ ಹೊರಡುವಾಗಲೇ ಕೆಟ್ಟು ನಿಂತಿತ್ತು ಎಂಬ ವಿಷಯ ಸಾಕ್ಷಿಯಲ್ಲಿ ಬರಲಿಲ್ಲ. ಮೂರನೆಯದನ್ನು ಗೆದ್ದೇಬಿಟ್ಟರೆ ಏನು ಹೇಳಬೇಕೆಂದು ಅವನು ಮಾತು ಜೋಡಿಸುತ್ತಿದ್ದಾಗಲೇ ಪಾಠ ಮುಗಿದಿತ್ತು.

ಓಡಿಬಂದು ಅವನನ್ನು ಹೊರಗೆಳೆದವರು, ಪೆಟ್ಟು ಹೇಗಾಯಿತೆಂದು ಕೇಳಿದರು. ಫಿಲೋಮನ ನರಳಿದ. ಕಾರು ಉರುಳಿದಾಗಲೇ ಆದ ಪೆಟ್ಟೆಂದು ಎಲ್ಲರೂ ಅರ್ಥ ಮಾಡಿಕೊಂಡರು.

ಹೆಂಡತಿ ಸುವಾರ್ತಾ ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರಸ್ತೆಯಲ್ಲಿ ಬಿದ್ದು ಬಂದವರ ಗಾಯ ತೊಳೆದು ತೊಳೆದು, ರೇಸು ಎಂದರೆ ಮೊದಲಿನಿಂದಲೂ ಅವಳಿಗೆ ಎದೆ ಝಲ್ಲೆನ್ನುತ್ತಿತ್ತು. ಎಕ್ಸ್‌ರೇ ನೋಡಿದಳು, ಕೈಯನ್ನು ಜೋಳಿಗೆ ಪಟ್ಟಿಗೆ ಹಾಕಿದಳು. ಬೈಯಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

"ಬೆಲ್ಟ್ ಕಟ್ಕೊಂಡ್ರ ಏನೂ ಆಗಂಗಿಲ್ಲ ಅಂತ ನಂಗ ಮಾತ್ ಕೊಟ್ಟಿದ್ರಿ," ಎಂದಳು. "ಸಾಕಿನ್ನ. ಸೋಮವಾರ ಚಿದ್ರಿ ಊರಿನ ಗುಜರಿ ಅಂಗಡಿಯ ಖಾಲಿದ್ ಭಾಯ್ ಬಂದು ಕಾರ್ ಒಯ್ತಾನ."

ನಡೆದದ್ದು ಏನೆಂದು ಫಿಲೋಮನನಿಗೆ ಗೊತ್ತಿತ್ತು. ಬೆಲ್ಟು ಮಾತು ಉಳಿಸಿಕೊಂಡಿತ್ತು, ಮಾತು ತಪ್ಪಿದವನು ತಾನು. ಹಾಗೆಂದು ಬಾಯಿಬಿಟ್ಟರೆ ಕಾರು ಉಳಿದೀತು, ಮರ್ಯಾದೆ ಉಳಿಯದು. ಓಣಿಯವರೆಲ್ಲ ಬಂದು, ಸಾವಿನ ಬಾಯಿಂದ ಬಂದ ಗಂಡಸು ಎಂದು ಹೊಗಳಿ ಹೋಗಿದ್ದರು. ಪಾಸ್ಟರಂತೂ ಅವನನ್ನು ಬೈಬಲ್ಲಿನಲ್ಲಿ ಸಿಂಹಗಳ ಗುಹೆಯಿಂದ ಬದುಕಿ ಬಂದ ಪ್ರವಾದಿಗೇ ಹೋಲಿಸಿಬಿಟ್ಟಿದ್ದರು. ಆ ಹೋಲಿಕೆ ಫಿಲೋಮನನಿಗೆ ಬಲು ಹಿಡಿಸಿತ್ತು.

ಭಾನುವಾರ ಸಭೆ ತುಂಬಿತ್ತು. ಕೈಗೆ ಪಟ್ಟಿ ಹಾಕಿಕೊಂಡೇ ಎದ್ದು ನಿಂತು, ಕಾರು ಉರುಳಿದ್ದನ್ನು ಬಣ್ಣಿಸಿದ. ಆಮೆನ್, ಆಮೆನ್ ಎಂದಿತು ಸಭೆ. ಅಲ್ಲಿಗೆ ಕೂತುಬಿಡಬಹುದಿತ್ತು. ಆದರೆ ಕಾರು ಗುಜರಿಯ ಮುಂದೆ ಬಿಡಿಬಿಡಿಯಾಗಿ ಬಿದ್ದಂತೆ ಕಣ್ಣಿಗೆ ಕಟ್ಟಿ, ಕಾಲು ಮಡಚಲಿಲ್ಲ.

"ಖರೇ ಹೇಳ್ಬೇಕಂದ್ರ ಎರಡ್ ಸಲ ಉರುಳಿದ್ರೂ ನಂಗೇನೂ ಆಗಿರಲಿಲ್ರಿ," ಎಂದ. "ಎಲುಬು ಮುರದಿದ್ದು ಆಮ್ಯಾಲೆ. ಸ್ತೋತ್ರ ಹೇಳ್ಲಾಕ ಮೊಳಕಾಲೂರಬೇಕಂತ ಬೆಲ್ಟ್ ಬಿಚ್ಚಿದ್ನಿರಿ. ಗಾಡಿ ತಲಿಕೆಳಗ ಇತ್ತು."

ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಪಾಸ್ಟರು ಸಂಗೀತ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು, ಅವರ ಹೆಗಲು ಮಾತ್ರ ಕುಣಿಯುತ್ತಿತ್ತು. ಮಾನ ಹೇಗೂ ಹರಾಜಾಗಿದೆ, ಇನ್ನೇನು ಉಳಿಸಿಕೊಳ್ಳುವುದಿದೆ ಎಂದು ಫಿಲೋಮನ ನದೀಮನ ಎಂಜಿನ್ನಿನ ವಿಷಯವನ್ನೂ ಒದರಿ ಕೂತ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು, ಎದೆ ಮಾತ್ರ ಹಗುರಾಗಿತ್ತು.

ಆಗ ಸುವಾರ್ತಾ ಎದ್ದಳು. ಮದುವೆಯಾಗಿ ಬಂದ ಮೇಲೆ ಅವಳು ಸಾಕ್ಷಿಗೆಂದು ಎದ್ದದ್ದೇ ಇಲ್ಲ. ನಗೆ ನಿಂತಿತು.

"ನಮ್ಮನಿಯವ್ರು ರೇಸಿಗಿ ಹೋದಾಗೆಲ್ಲ ನಂದು ಎರಡ್ ಪ್ರಾರ್ಥನಿ ಇರ್ತಿದ್ವು," ಎಂದಳು. "ಜೀವಂತ ಬರ್ಲಿ ಅಂತ ಒಂದು. ಬಂದು ಖರೇ ಹೇಳ್ಲಿ ಅಂತ ಇನ್ನೊಂದು. ಎರಡೂ ದೇವರು ಕೇಳ್ಯಾನ, ಸ್ತೋತ್ರ. ಗುಜರಿ ಖಾಲಿದ್ ಭಾಯ್‌ಗ ಬರಬ್ಯಾಡ ಅಂತ ಹೇಳ್ತೇನಿ."

ಕೂರುವವಳಂತೆ ಬಾಗಿದವಳು ಮತ್ತೆ ನೆಟ್ಟಗಾಗಿ ಕಣ್ಣು ಮುಚ್ಚಿ ಕೈಜೋಡಿಸಿದಳು.

"ಸ್ವಾಮಿ, ಇನ್ನೊಮ್ಮೆ ಇವ್ರನ್ನ ಉಳಿಸೂದಿದ್ರ, ಮೊದಲ ಗಾಡಿ ನೆಟ್ಟಗ ಮಾಡಿ ಉಳಿಸಪ್ಪಾ."