ಜಾಕೆಟ್ಟಿನ ಕರಡಿ

ಒಂದಾನೊಂದು ಕಾಲದಲ್ಲಿ ಅಮೆರಿಕದ ಅಲಬಾಮಾದ ಒಂದು ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಸೋಲು ಅಂದರೆ ಪಕ್ಕದೂರಿನವರ ಕಾಯಿಲೆ. ಹತ್ತು ವರ್ಷದಿಂದ ಆ ಕಾಯಿಲೆ ಮನೆಯೊಳಗೇ ಹಾಸಿಗೆ ಹಾಸಿತ್ತು. ಆದರೂ ತಂಡದ ಅಂಗಿ ಹೊಲಿಯುವ ಮುದುಕಿ ಆರ್ಡೆಲ್, ಕಾಲ ತಿರುಗೀತೆಂದು ನಂಬಿದ್ದಳು.

ಈಗ ಅವಳ ಮಡಿಲಲ್ಲಿದ್ದದ್ದು ಆಟಗಾರ ಟೆರೆಲ್‌ನ ಅಂಗಿ. "ನನ್ನ ಹೆಸರು ಗಟ್ಟಿಯಾಗಿ ಹೊಲಿ ಅಜ್ಜಿ, ನಾಲ್ಕು ವರ್ಷ ಬಾಳ್ಬೇಕು" ಅಂದಿದ್ದವನು ಒಂದೇ ವರ್ಷಕ್ಕೆ ಎದುರಾಳಿ ಕಾಲೇಜಿಗೆ ಹಾರಿದ್ದ. ಅವನನ್ನು ನಂಬಿ ಎರಡೆಳೆ ದಾರ ಹಾಕಿದ್ದ ತಪ್ಪಿಗೆ, ಈಗ ಅದನ್ನು ಕೀಳುತ್ತಾ ಅವಳ ಬೆರಳು ನೋಯುತ್ತಿತ್ತು.

"ಉಂಡ ಮನೆಗೆ ಎರಡು ಬಗೆದ, ನೋಡಿ!" ಅಂದಳು, ಎದುರು ಬಂದು ನಿಂತ ತಂಡದ ತರಬೇತುದಾರ ಹಾಲಿಸ್‌ಗೆ. " ಸಂಜೆಯೊಳಗೆ ಹೆಸರು ಕಿತ್ತುಕೊಡ್ತೀನಿ ಅಂದಿದೀನಿ, ಕೊಡ್ತೀನಿ. ನೀವೊಬ್ರು ಇದ್ದೀರಲ್ಲ, ಸಾಕು."

ಹಾಲಿಸ್ ತನ್ನ ಜಾಕೆಟ್ ಬಿಚ್ಚಿ ಮೇಜಿನ ಮೇಲಿಟ್ಟ. "ಇದರ ಎದೆ ಮೇಲಿನ ತಂಡದ ಗುರುತು, ಈ ಕರಡೀನೂ ತೆಗೆದುಬಿಡಿ, ಮಿಸ್ ಆರ್ಡೆಲ್. ಜಾಕೆಟ್ ಮೈಗೆ ಒಗ್ಗಿಬಿಟ್ಟಿದೆ, ಬಿಡೋಕೆ ಮನಸ್ಸಿಲ್ಲ."

"ನಮ್ಮ ಕರಡಿ ಇಲ್ದೆ ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ತೀರಿ?"

ಅವನು ನೆಲ ನೋಡಿದ. "ಟೆರೆಲ್ ಹೋದ ಕಡೆಗೇ. ಅವನನ್ನ ಮುಂಚೆ ಕಳಿಸಿದ್ದೂ ನಾನೇ."

ಆರ್ಡೆಲ್ ಟೆರೆಲ್‌ನ ಹೆಸರಿನ ಕೊನೆಯ ಅಕ್ಷರ ಕಿತ್ತಳು. ಆಮೇಲೆ ಕರಡಿಯನ್ನು ಒಂದು ಎಳೆಯೂ ಹರಿಯದಂತೆ ಬಿಡಿಸಿ, ತನ್ನ ಮಡಿಲಿಗೆ ಹಾಕಿಕೊಂಡು, ಬರಿದಾದ ಜಾಕೆಟ್ಟನ್ನು ಅವನತ್ತ ತಳ್ಳಿದಳು.