ಅಮ್ಮನಿಗಾಗಿ ಒಂದು ನಾಟಕ

ತಾಯಿ ಇನ್ನೂ ಏನೂ ಅಂದಿರಲಿಲ್ಲ. ಹೋಟೆಲಿಗೆ ಬಂದು ಕೂತು, ಸೂಪು ಬಂದು, ಅದು ಆರುತ್ತ ಬಂದರೂ ಒಂದು ಕೊಂಕು ಮಾತಿಲ್ಲ. ನಾಟಕಕಾರ್ತಿಗೆ ಕಸಿವಿಸಿಯಾಯಿತು. ಮುದುಕಿ ಇವತ್ತೇ ಸಾಧುವಾಗಿಬಿಟ್ಟರೆ ಹೇಗೆ?

ಊಟ ಮುಗಿಸಿ ರಸ್ತೆ ದಾಟಿದರೆ ರಂಗಮಂದಿರ. ಮಧ್ಯಾಹ್ನ ಅಲ್ಲಿ ಅವಳ ಹೊಸ ನಾಟಕದ ಮೊದಲ ಪ್ರದರ್ಶನ. ನಾಟಕದ ತುಂಬ ಒಬ್ಬಳೇ ತಾಯಿ. ಊಟದ ಮೇಜಿನ ತುದಿಯಲ್ಲಿ ಕೂತು, ನಗುನಗುತ್ತಲೇ ಮಗಳ ಚರ್ಮ ಸುಲಿಯುವವಳು. ಅವಳನ್ನು ಬರೆಯುವಾಗ ನಾಟಕಕಾರ್ತಿ ತಡಕಾಡಬೇಕಾಗಿ ಬರಲಿಲ್ಲ. ಮಾತುಗಳು ತಾವಾಗಿಯೇ ನಾಲಿಗೆಗೆ ಬಂದವು.

ಬರದೆ ಏನು? ಚಿಕ್ಕವಳಿದ್ದಾಗ ಒಮ್ಮೆ ನೆಂಟರೆದುರು ಹಾಡಲು ನಿಂತಿದ್ದಳು. "ಸಾಕು ನಿಲ್ಸೇ, ಬಾಗಿಲು ಕಿರುಗುಟ್ಟಿದ ಹಾಗಿದೆ," ಅಂದಿದ್ದಳು ತಾಯಿ. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳು ಮತ್ತೆ ಹಾಡಲಿಲ್ಲ.

ಇವತ್ತು ತಾಯಿ ಅದನ್ನು ತುಂಬಿದ ಸಭೆಯ ನಡುವೆ ಕೂತು ನೋಡಬೇಕು. ವೇದಿಕೆಯ ಬೆಳಕು ನೇರ ಮುಖದ ಮೇಲೆ ಬೀಳುವಂಥ ಕುರ್ಚಿಯನ್ನೇ ಅವಳಿಗಾಗಿ ಹಿಡಿದಿಡಲಾಗಿತ್ತು.

"ಈ ಸೂಪು ತಗೊಂಡು ಹೋಗಿ, ತಣ್ಣಗಾಗಿದೆ," ಎಂದಳು ನಾಟಕಕಾರ್ತಿ ಸಪ್ಲೈಯರಿಗೆ.

"ಇರ್ಲಿ ಬಿಡೇ, ಚೆನ್ನಾಗೇ ಇದೆ," ಎಂದಳು ತಾಯಿ.

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಪಕ್ಕದಲ್ಲಿ ಕೂತಿದ್ದ ಮಗಳು ಪುಟ್ಟಿ, ಹೈಸ್ಕೂಲು ಓದುವ ಹುಡುಗಿ, ಬ್ರೆಡ್ಡಿನ ಬುಟ್ಟಿಗೆ ಕೈ ಹಾಕಿದಳು.

"ಆಗ್ಲೇ ತಿಂದ್ಯಲ್ಲ, ಸಾಕು. ಆ ಡ್ರೆಸ್ಸು ಪಾಪ, ಉಸಿರು ಬಿಗಿಹಿಡ್ಕೊಂಡು ಕೂತಿದೆ," ಎಂದಳು ನಾಟಕಕಾರ್ತಿ.

ಪುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಸಪ್ಲೈಯರ್ ಹೊಸ ಸೂಪು ಇಡುತ್ತ ಹುಡುಗಿಯ ಕಡೆ ನೋಡಿ, "ನಾಟಕದಲ್ಲಿ ಇವರೂ ಇದಾರಾ ಮೇಡಂ?" ಎಂದ.

"ಇವಳಾ? ನಿಲ್ಸಿದ್ರೆ ಪರದೆಗೆ ಕೊಟ್ಟ ಕಂಬ ಅಂದ್ಕೋತಾರೆ."

ಸಪ್ಲೈಯರ್ ನಕ್ಕ. ಪುಟ್ಟಿಯೂ ನಕ್ಕಳು. ತಾಯಿ ಮಾತ್ರ ನಗದೆ, ತನ್ನ ತಟ್ಟೆಯಲ್ಲಿದ್ದ ಬ್ರೆಡ್ಡನ್ನು ಸದ್ದಿಲ್ಲದೆ ಮೊಮ್ಮಗಳ ಕಡೆ ಸರಿಸಿದಳು. ನಾಟಕಕಾರ್ತಿ ಹಲ್ಲು ಕಚ್ಚಿದಳು. ಶುರುವಾಯಿತು. ತಾನು ಒಳ್ಳೆಯವಳಾಗಿ ಮಗಳನ್ನು ಕೆಟ್ಟವಳನ್ನಾಗಿ ಮಾಡುವ ಅದೇ ಹಳೆಯ ಆಟ.

ರಸ್ತೆ ದಾಟುವಾಗ, ಊಟಕ್ಕೆ ಜೊತೆಗಿದ್ದ ಗಂಡ ಅವಳನ್ನು ಸ್ವಲ್ಪ ಹಿಂದಕ್ಕೆ ಕರೆದ. ನಾಟಕವನ್ನು ಮೊದಲೇ ಓದಿದ್ದವನು ಅವನೊಬ್ಬನೇ.

"ಇಷ್ಟು ಜನರ ಮುಂದೆ ಬೇಕಿತ್ತಾ?"

"ಜನರ ಮುಂದೇನೇ ಆಗ್ಬೇಕು. ಮನೆಯೊಳಗೆ ಹೇಳಿದ್ರೆ ಯಾರು ಕಿವಿಗೆ ಹಾಕ್ಕೋತಾರೆ?"

"ನನ್ನ ಕೈಲಂತೂ ಆಗ್ತಿರ್ಲಿಲ್ಲಪ್ಪ. ಗುಂಡಿಗೆ ಬೇಕು ಇದಕ್ಕೆ." ಮುಂದೆ ಹೋಗುತ್ತಿದ್ದ ಮಗಳ ಕಡೆ ನೋಡಿ ಕೇಳಿದ: "ಪುಟ್ಟಿಗೆ ಏನನ್ಸುತ್ತೋ?"

"ಅವಳಿಗೂ ಗೊತ್ತಾಗ್ಲಿ."

ಗಂಡ ಅವಳ ಭುಜ ಒತ್ತಿದ. ಅಷ್ಟು ಮೆಚ್ಚುಗೆಯಿಂದ ಅವನು ಅವಳನ್ನು ನೋಡಿ ಬಹಳ ಕಾಲವಾಗಿತ್ತು.

ನಾಟಕ ಶುರುವಾದಾಗ ಸಭೆ ಬಿದ್ದು ಬಿದ್ದು ನಕ್ಕಿತು. ವೇದಿಕೆಯ ತಾಯಿ ಮಗಳ ನಡಿಗೆಯನ್ನು ಆಡಿಕೊಂಡಳು, ಊಟವನ್ನು ಎಣಿಸಿದಳು, ಗೆಳತಿಯರೆದುರು ಅವಳ ಗುಟ್ಟನ್ನು ತಮಾಷೆ ಮಾಡಿ ಹೇಳಿದಳು. ಪ್ರತಿ ಸಲವೂ, "ನಿನ್ನ ಒಳ್ಳೇದಕ್ಕೇ ಅಲ್ವೇನೇ ಹೇಳೋದು?" ಅಂದಳು. ಹೋಗಹೋಗುತ್ತ ನಗು ಕಡಿಮೆಯಾಯಿತು. ಕೊನೆಯ ದೃಶ್ಯದಲ್ಲಿ ಹುಡುಗಿ ಹಾಡಲು ನಿಂತಳು. ತಾಯಿ ಬಾಗಿಲಿನ ಮಾತು ಅಂದಳು. ನೆಂಟರು ನಕ್ಕರು. ಹುಡುಗಿಯೂ ಅವರ ಜೊತೆ ಸೇರಿ ನಗುತ್ತಲೇ ಇದ್ದಳು. ದೀಪ ಆರಿತು.

ನಾಟಕಕಾರ್ತಿ ವೇದಿಕೆಯನ್ನು ನೋಡಲೇ ಇಲ್ಲ. ಅವಳ ಕಣ್ಣೆಲ್ಲ ತಾಯಿಯ ಮುಖದ ಮೇಲೆ. ತಾಯಿ ಅಳುತ್ತಿದ್ದಳು. ನಾಟಕಕಾರ್ತಿಯ ಹೊಟ್ಟೆ ತಣ್ಣಗಾಯಿತು.

ಚಪ್ಪಾಳೆ ಮುಗಿದ ಮೇಲೆ ಹೊರಗೆ ಟೀ ಕೊಡುತ್ತಿದ್ದರು. ಪುಟ್ಟಿ ಜನರನ್ನು ತಳ್ಳಿಕೊಂಡು ಬಂದು ನಾಟಕಕಾರ್ತಿಯನ್ನು ಬಿಗಿಯಾಗಿ ತಬ್ಬಿಕೊಂಡಳು. ಕೆನ್ನೆಯೆಲ್ಲ ಒದ್ದೆ.

"ಪರವಾಗಿಲ್ಲ ಅಮ್ಮ. ನಿಜವಾಗ್ಲೂ ಪರವಾಗಿಲ್ಲ."

ಹುಡುಗಿಗೆ ಅರ್ಥವಾಗಿದೆ, ಅಜ್ಜಿ ಎಂಥವಳೆಂದು ಕೊನೆಗೂ ಗೊತ್ತಾಗಿದೆ. ನಾಟಕಕಾರ್ತಿ ಅವಳ ತಲೆ ಸವರಿದಳು. ಅಷ್ಟರಲ್ಲಿ ತಾಯಿ ಹತ್ತಿರ ಬಂದಳು. ನಾಟಕಕಾರ್ತಿ ಬೆನ್ನು ನೆಟ್ಟಗೆ ಮಾಡಿ ನಿಂತಳು. ಈ ಗಳಿಗೆಗಾಗಿಯೇ ಕಾದಿದ್ದಳು.

ತಾಯಿ ಅವಳ ಕೈ ಹಿಡಿದುಕೊಂಡಳು. "ನಿನ್ನನ್ನ ನೀನೇ ಇಷ್ಟು ಹೀನಾಯವಾಗಿ ಬರ್ಕೋಬಾರ್ದಿತ್ತು ಕಣೇ. ತಿದ್ಕೋಬೇಕು ಅನ್ನೋ ಮನಸ್ಸು ಬಂತಲ್ಲ, ಅಷ್ಟು ಸಾಕು."

"ನನ್ನನ್ನಾ?" ನಾಟಕಕಾರ್ತಿ ನಕ್ಕುಬಿಟ್ಟಳು. "ಅಮ್ಮ, ಅದು ನಾನಲ್ಲ, ನೀನು! ಒಂದೊಂದು ಮಾತೂ ನಿಂದೇ. ಆ ಹಾಡು ಮರ್ತುಹೋಯ್ತಾ?"

"ಮರ್ತಿಲ್ಲ," ಎಂದಳು ತಾಯಿ. "ಆ ಬಾಗಿಲಿನ ಮಾತು ನಂದೇ. ಅದನ್ನ ನೆನೆಸಿಕೊಂಡ್ರೆ ಈಗ್ಲೂ ನಿದ್ದೆ ಬರಲ್ಲ. ಆದ್ರೆ ಮಿಕ್ಕಿದ್ದೆಲ್ಲ…" ಮಾತು ಅಲ್ಲಿಗೇ ನುಂಗಿ, ಮೊಮ್ಮಗಳ ಕಡೆ ನೋಡಿದಳು.

ನಾಟಕಕಾರ್ತಿ ಗಂಡನ ಕಡೆ ತಿರುಗಿದಳು. "ನೀವಾದ್ರೂ ಹೇಳ್ರೀ. ನೀವು ಓದಿದ್ದೀರಲ್ಲ."

ಗಂಡ ತನ್ನ ಟೀ ಕಪ್ಪಿನೊಳಗೆ ಏನೋ ಬಿದ್ದಿರುವವನಂತೆ ಬಗ್ಗಿ ನೋಡತೊಡಗಿದ.

ಅವಳ ಸೊಂಟ ಬಳಸಿದ್ದ ಪುಟ್ಟಿಯ ತೋಳು ಮೆಲ್ಲಗೆ ಸಡಿಲವಾಯಿತು.

"ಹಾಗಾದ್ರೆ," ಎಂದಳು ಪುಟ್ಟಿ, "ನೀನು ನನ್ನ ಹತ್ರ ಕ್ಷಮೆ ಕೇಳಿದ್ದಲ್ವಾ ಅದು?"